ಭಟ್ಟಿಯ ಮುಂದೆ ಬರಿಮೈ

ನನಗೆ ಹಾರ್ಟ್ ಆಪರೇಷನ್ ಆಗಿಲ್ಲ. ಮೊದಲು ಇದೊಂದನ್ನು ಹೇಳಿ ಮುಗಿಸಿಬಿಡುತ್ತೇನೆ. ಯಾಕೆಂದರೆ ನಮ್ಮ ಬೀದಿಯಲ್ಲಿ ಈಗಲೂ ನನ್ನನ್ನು ಕಂಡರೆ ದನಿ ತಗ್ಗಿಸಿ ಮಾತಾಡುವವರಿದ್ದಾರೆ. ಕೆಳಗಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದುಕೊಳ್ಳುತ್ತಾರೆ. ಅವರಿಗೆ ಎಪ್ಪತ್ತೆಂಟು, ನನಗೆ ಮೂವತ್ತೆಂಟು. ನನ್ನ ಹಾರ್ಟು ಗುಂಡುಕಲ್ಲಿನ ಹಾಗಿದೆ ಸ್ವಾಮಿ. ನನಗೆ ಆದ ಆಪರೇಷನ್ನೇ ಬೇರೆ. ಗಂಡಸಾದ ನನಗೆ ಹೆಂಗಸರ ಹಾಗೆ ಎದೆ ಬೆಳೆದಿತ್ತು, ಅದನ್ನು ತೆಗೆಸಿದೆ. ಈಗ ಒಂದೇ ಉಸಿರಿಗೆ ಹೇಳಿಬಿಟ್ಟೆ ನೋಡಿ, ಈ ಒಂದು ಮಾತು ಬಾಯಿಂದ ಹೊರಡುವುದಕ್ಕೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ನಾನು ಬೇಕರಿಯಲ್ಲಿ ಭಟ್ಟಿಯ ಕೆಲಸದವನು. ನಮ್ಮದು ಹಳೇ ಕಾಲದ ಸೌದೆ ಭಟ್ಟಿ, ಒಳಗೆ ಇಬ್ಬರು ಕಾಲು ಚಾಚಿ ಮಲಗುವಷ್ಟು ದೊಡ್ಡದು. ಬೆಳಿಗ್ಗೆ ಉರಿ ಹಾಕಿ, ಮಧ್ಯಾಹ್ನ ಕೆಂಡ ಎಳೆದು, ಬೂದಿ ಒರೆಸಿ, ಆಮೇಲೆ ಆ ಕಾವಿನಲ್ಲೇ ಸಂಜೆಯ ಬ್ರೆಡ್ಡು, ಬನ್ನು, ಬಿಸ್ಕತ್ತು ಬೇಯಿಸುತ್ತೇವೆ. ಅಲ್ಲಿ ಅಂಗಿ ತೊಟ್ಟು ನಿಲ್ಲುವವನು ಹುಚ್ಚ. ಎಂಟು ಜನರಲ್ಲಿ ಏಳು ಜನ ಸೊಂಟಕ್ಕೊಂದು ಏಪ್ರನ್ ಸುತ್ತಿಕೊಂಡು ಬರಿಮೈಯಲ್ಲಿರುತ್ತಾರೆ. ಆ ಎಂಟನೆಯ ಹುಚ್ಚ ನಾನು. ಒಂದು ಬಿಗಿಯಾದ ಬನಿಯನ್, ಅದರ ಮೇಲೆ ಇನ್ನೊಂದು ಬನಿಯನ್, ಅದರ ಮೇಲೆ ದಪ್ಪ ಅಂಗಿ. ಹದಿನೆಂಟು ವರ್ಷ ಹಾಗೇ ಬೆಂದೆ. ಕೇಳಿದವರಿಗೆಲ್ಲ "ಕೆಂಡದ ಕಿಡಿ ಹಾರತ್ತೆ, ನಂದು ಸೂಕ್ಷ್ಮ ಚರ್ಮ" ಅಂತ ಹೇಳುತ್ತಿದ್ದೆ. ಅಲ್ಲಿ ನನ್ನ ಹೆಸರನ್ನು ಯಾರೂ ಕರೆದವರಲ್ಲ. ಎಲ್ಲರಿಗೂ ನಾನು ಸ್ವೆಟರ್.

ನಮ್ಮ ಭಟ್ಟಿಗೆ ಒಬ್ಬ ಮೇಸ್ತ್ರಿ. ನನಗೆ ಕೆಲಸ ಕಲಿಸಿದವರು ಅವರೇ. ಭಟ್ಟಿಯ ಬಾಗಿಲಿಗೆ ಯಜಮಾನರು ಎಂದೋ ಒಂದು ಮೀಟರ್ ಹಾಕಿಸಿದ್ದರು, ಮೇಸ್ತ್ರಿ ಅದರ ಮುಖ ಕೂಡ ನೋಡುತ್ತಿರಲಿಲ್ಲ. "ಅದು ಬಾಗಿಲಿನ ಬಿಸಿ ಹೇಳತ್ತೆ. ಹೊಟ್ಟೆಯೊಳಗಿನ ಬಿಸಿ ಹೇಳೋದು ಮೈ ಒಂದೇ" ಅನ್ನುತ್ತಿದ್ದರು. ಬಾಗಿಲು ತೆಗೆದು, ಒಂದು ಮಾರು ದೂರದಲ್ಲಿ ಬರಿಯೆದೆ ಒಡ್ಡಿ ನಿಂತು, ಜೋರಾಗಿ ಎಣಿಸುವುದು ಅವರ ಪದ್ಧತಿ. ಎಂಟಕ್ಕೇ ಹಿಂದೆ ಸರಿದರೆ ಭಟ್ಟಿ ಅತಿಯಾಗಿದೆ, ಕಾಯಬೇಕು. ಹನ್ನೆರಡರವರೆಗೆ ತಡೆದರೆ ಬ್ರೆಡ್ಡು. ಇಪ್ಪತ್ತಕ್ಕೆ ಬಿಸ್ಕತ್ತು. ಮೂವತ್ತಾದರೆ ರಸ್ಕು ಒಣಗಿಸಬಹುದು, ಅಷ್ಟೇ. ಆ ಮೇಸ್ತ್ರಿ ಈ ವರ್ಷ ಕೆಲಸ ಬಿಡುತ್ತೇನೆ ಅಂದರು. ಕಣ್ಣಿಗೆ ಪೊರೆ, ಮಂಡಿಗೆ ನೋವು. ಅವರ ಜಾಗಕ್ಕೆ ಅನುಭವದಲ್ಲಿ ಮುಂದಿದ್ದವನು ನಾನೇ. ಆದರೆ ಅಂಗಿ ಬಿಚ್ಚಿ ಭಟ್ಟಿಯ ಮುಂದೆ ನಿಲ್ಲದವನನ್ನು ಮೇಸ್ತ್ರಿ ಅಂತ ಯಾರು ಒಪ್ಪುತ್ತಾರೆ?

ಆ ಜಾಗ ನನಗೆ ಬೇಕಿತ್ತು. ಯಾವುದನ್ನೂ ಅಷ್ಟು ಆಸೆಪಟ್ಟವನಲ್ಲ ನಾನು, ಇದನ್ನು ಮಾತ್ರ ಹಗಲೂ ರಾತ್ರಿ ಆಸೆಪಟ್ಟೆ. ನನ್ನ ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸದವಳು. ಅಲ್ಲಿ ಯಾರನ್ನೋ ಕೇಳಿ, ಇನ್ಯಾರನ್ನೋ ವಿಚಾರಿಸಿ, ಒಂದು ದಿನ ಬಂದು ನನ್ನ ಎದುರು ಕೂತಳು. "ರೀ, ಇದಕ್ಕೆ ಆಪರೇಷನ್ ಇದೆ. ನಿಮ್ಮೊಬ್ಬರಿಗೇ ಬಂದಿರೋದಲ್ಲ, ಲೆಕ್ಕವಿಲ್ಲದಷ್ಟು ಗಂಡಸರಿಗಿದೆಯಂತೆ" ಅಂದಳು. ನಾನು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಲೆಕ್ಕವಿಲ್ಲದಷ್ಟು ಜನ ಇದ್ದಾರೆ ಅಂತ ಯಾರಾದರೂ ಹದಿನಾಲ್ಕನೇ ವಯಸ್ಸಿನಲ್ಲೇ ಹೇಳಬಾರದಿತ್ತೇ?

ರಜೆ ಕೇಳುವಾಗ ಮಾತ್ರ ನನ್ನ ಧೈರ್ಯ ಕೈಕೊಟ್ಟಿತು. ಯಜಮಾನರ ಎದುರು ನಿಂತು, "ಒಂದು ಸಣ್ಣ ಆಪರೇಷನ್ ಇದೆ, ಆರು ವಾರ ಬರಕ್ಕಾಗಲ್ಲ, ಅಕ್ಕ ಫೋನ್ ಮಾಡಿ ಎಲ್ಲಾ ಹೇಳ್ತಾಳೆ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಬಂದುಬಿಟ್ಟೆ. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಆಪರೇಷನ್ ಆದ ಮಾರನೆಯ ದಿನವೇ ಮನೆಗೆ ಕಳಿಸಿದರು. ಮೈಗೆ ಅಂಟಿಕೊಳ್ಳುವ ಒಂದು ಬಿಗಿ ಜಾಕೀಟು ತೊಡಿಸಿದ್ದರು. ಕಂಕುಳಿನ ಕೆಳಗೆ ಎರಡು ಕಡೆ ಸಣ್ಣ ಕೊಳವೆ, ಕೊಳವೆಯ ತುದಿಗೆ ಕೆಂಪು ನೀರು ತುಂಬುವ ಎರಡು ಪುಟ್ಟ ಡಬ್ಬಿ. ಬೆನ್ನಿಗೆ ನಾಲ್ಕು ದಿಂಬು ಕೊಟ್ಟು ಕೂತಲ್ಲೇ ನಿದ್ದೆ. ಮಗ್ಗುಲಾಗುವ ಹಾಗಿಲ್ಲ, ಕೈ ಭುಜದಿಂದ ಮೇಲೆತ್ತುವ ಹಾಗಿಲ್ಲ. ಐವತ್ತು ಕಿಲೋ ಮೈದಾ ಚೀಲವನ್ನು ಹೆಗಲ ಮೇಲೆ ಹೊತ್ತು ಓಡಾಡುತ್ತಿದ್ದವನು ತಲೆ ಬಾಚಿಕೊಳ್ಳುವುದಕ್ಕೆ ಹೆಂಡತಿಯನ್ನು ಕೂಗಬೇಕಾಯಿತು. ಅವಳೋ ಮಧ್ಯೆ ಬೈತಲೆ ತೆಗೆದು ಕನ್ನಡಿ ಹಿಡಿದಳು. "ಚೆನ್ನಾಗಿ ಕಾಣ್ತೀರಿ, ಸ್ಕೂಲಿಗೆ ಹೋಗ್ಬಹುದು" ಅಂದಳು. ನಗಲು ಹೋಗಿ ಎದೆ ಹಿಡಿದುಕೊಂಡು ನರಳಿದೆ. ಹತ್ತು ದಿನ ನಗಿಸಕೂಡದು ಅಂತ ಅವಳಿಗೆ ಆಣೆ ಇಟ್ಟೆ.

ಅವಳು ಕೆಲಸಕ್ಕೆ ಹೋದ ಮೇಲೆ ನನ್ನ ಪಾಲಿಗೆ ಅಕ್ಕ. ಅಕ್ಕನದು ಬೀದಿಯ ತಿರುವಿನಲ್ಲಿ ಗುಂಡಿ, ದಾರ, ಲೇಸು ಮಾರುವ ಪುಟ್ಟ ಅಂಗಡಿ. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಅಂಗಡಿಗೆ ಬೀಗ ಹಾಕಿ ಬಂದು ನನ್ನ ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಎಳೆದು ಕೂತಳು, ಕೂತವಳು ಎದ್ದರೆ ಕೇಳಿ. ಎರಡು ಗಂಟೆಗೊಮ್ಮೆ ಡಬ್ಬಿಯ ನೀರು ಎಷ್ಟಾಯಿತು ಅಂತ ಬಗ್ಗಿ ನೋಡಿ, ಕ್ಯಾಲೆಂಡರಿನ ಹಿಂದೆ ಬರೆದಿಡುವಳು.

ನಾಲ್ಕನೆಯ ದಿನ ಬೇಕರಿಯ ಯಜಮಾನರು ಬಂದರು. ಚಪ್ಪಲಿಯನ್ನು ಹೊರಗೆ ಸದ್ದಾಗದ ಹಾಗೆ ಬಿಟ್ಟು, ತುದಿಗಾಲಿನಲ್ಲಿ ನಡೆದು, ಕೈಯಲ್ಲಿ ಹಣ್ಣಿನ ಚೀಲ ಹಿಡಿದು ಒಳಗೆ ಬಂದವರೇ ನನ್ನ ಕಾಲಿನ ಹತ್ತಿರ ನಿಂತುಬಿಟ್ಟರು. ಬೇಕರಿಯಲ್ಲಿ ಈ ಮನುಷ್ಯ ಪಿಸುಗುಟ್ಟಿದ್ದನ್ನು ಕೇಳಿದವರಿಲ್ಲ.

"ಮಾತಾಡ್ಬೇಡ, ಮಾತಾಡ್ಬೇಡ. ಹಾರ್ಟಿಗೆ ಆಯಾಸ ಆಗತ್ತೆ" ಅಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಕ್ಯಾಲೆಂಡರ್ ನೋಡುತ್ತಿದ್ದಳು.

"ಅಕ್ಕಾವ್ರು ಫೋನಲ್ಲಿ ಎಲ್ಲಾ ಹೇಳಿದ್ರು ಕಣಯ್ಯ. ಹಾರ್ಟಿನ ನಾಳ ಕಟ್ಟಿತ್ತಂತೆ, ಒಂದು ದಿನ ತಡ ಆಗಿದ್ರೆ ಕೈ ಬಿಟ್ಟು ಹೋಗ್ತಿದ್ಯಂತೆ. ಈ ವಯಸ್ಸಿಗೆ! ಅಷ್ಟು ವರ್ಷ ಆ ಬೆಂಕಿ ಮುಂದೆ ಅಷ್ಟು ಬಟ್ಟೆ ಹಾಕ್ಕೊಂಡು ನಿಲ್ತಿದ್ದೆ, ನನಗೆ ಬುದ್ಧಿ ಬರ್ಬೇಕಿತ್ತು." ಅವರ ಕಣ್ಣು ತುಂಬಿ ಬಂತು. "ಇನ್ನು ನೀನು ಭಟ್ಟಿ ಕಡೆ ತಲೆ ಹಾಕೂಡ್ದು. ಮುಂದೆ ಕೌಂಟರಲ್ಲಿ ಕುರ್ಚಿ ಹಾಕಿಸ್ತೀನಿ, ಫ್ಯಾನ್ ಹಾಕಿಸ್ತೀನಿ. ಆರಾಮಾಗಿ ಕೂತು ಬನ್ ಕಟ್ಟಿ ಕೊಡು. ಭಟ್ಟಿಗೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಅವರು ಹೋದ ಮೇಲೆ ನನಗೆ ಬಂದ ಸಿಟ್ಟು ಇದೆಯಲ್ಲ, ಕೈ ಎತ್ತುವ ಹಾಗಿದ್ದಿದ್ದರೆ ಆ ಹಣ್ಣಿನ ಚೀಲ ಕಿಟಕಿಯಿಂದ ಹೊರಗೆ ಹಾರುತ್ತಿತ್ತು.

"ಏನ್ ಕೆಲ್ಸ ಮಾಡಿದ್ಯೇ ಅಕ್ಕ? ನನ್ನ ಬಾಯಿಗೆ ಮಣ್ಣು ಹಾಕಿದ್ಯಲ್ಲೇ!"

"ಕಿರುಚ್ಬೇಡ, ಹೊಲಿಗೆ ಬಿಚ್ಚತ್ತೆ."

"ಬಿಚ್ಚಲಿ ಬಿಡು! ನಾನು ಯಾವ ಜಾಗಕ್ಕೋಸ್ಕರ ಮೈ ಕೊಯ್ಯಿಸ್ಕೊಂಡ್ನೋ ಆ ಜಾಗಾನೇ ಕಳೆದ್ಯಲ್ಲ."

"ಮತ್ತೇನು ಹೇಳ್ಬೇಕಿತ್ತೋ?" ಅಕ್ಕನ ದನಿಯೂ ಏರಿತು. "ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನ ಆ ಯಜಮಾನನಿಗೆ ಫೋನಲ್ಲಿ ಹೇಳ್ಲಾ? ನನ್ನ ತಮ್ಮನಿಗೆ ಹಿಂಗಿತ್ತು, ಹಂಗ್ ತೆಗೆಸಿದ್ವಿ ಅಂತ ಊರಿಗೆಲ್ಲ ಡಂಗುರ ಹೊಡೀಲಾ? ಹಾರ್ಟ್ ಅಂದ್ರೆ ಮರ್ಯಾದೆ. ಹಾರ್ಟಿಗೆ ಯಾರೂ ನಗಲ್ಲ."

ಹದಿನಾಲ್ಕನೇ ವಯಸ್ಸಿನಲ್ಲಿ, ಶಾಲೆಯ ಈಜಿನ ಸ್ಪರ್ಧೆಯ ದಿನ, ಹಳೆಯ ಬೆಡ್‌ಶೀಟ್ ಹರಿದು ನನ್ನ ಎದೆಗೆ ಬಿಗಿದು ಕಟ್ಟಿದವಳು ಈ ಅಕ್ಕನೇ. ಅದರ ಮೇಲೆ ಅಂಗಿ ಹಾಕಿ, ಜ್ವರ ಅಂತ ಚೀಟಿ ಬರೆದು ಕೊಟ್ಟವಳೂ ಅವಳೇ. "ಯಾರ ಮುಂದೆಯೂ ಅಂಗಿ ಬಿಚ್ಬೇಡ, ಯಾರಿಗೂ ಗೊತ್ತಾಗೂಡ್ದು" ಅಂತ ಅವತ್ತು ಅವಳು ಹೇಳಿದ ಮಾತನ್ನು ಇಬ್ಬರೂ ವ್ರತದ ಹಾಗೆ ನಡೆಸಿಕೊಂಡು ಬಂದಿದ್ದೆವು. ಅವಳ ಸುಳ್ಳಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಮಾರನೆಯ ದಿನಕ್ಕೇ ಬೀದಿಗೆಲ್ಲ ಗೊತ್ತಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಒಬ್ಬೊಬ್ಬರಾಗಿ ಬಂದರು. ಪೋಸ್ಟ್‌ಮಾಸ್ತರರ ಹೆಂಡತಿ ದಿನಕ್ಕೆರಡು ಸಲ ಅಡುಗೆಮನೆಗೇ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುವರು. "ಎಣ್ಣೆ ಹಾಕಿಲ್ಲ ತಾನೆ? ಉಪ್ಪು ಹಾಕಿಲ್ಲ ತಾನೆ?" ಅವರ ಬಾಯಿಗೆ ಹೆದರಿ ಅಕ್ಕ ನಿಜವಾಗಲೂ ಉಪ್ಪು ಎಣ್ಣೆ ಬಿಟ್ಟು ಅಡುಗೆ ಮಾಡತೊಡಗಿದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರಲ್ಲ, ಎರಡೂ ಇಲ್ಲದವನ ಪಾಡು ನನ್ನದಾಯಿತು. ಹೆಂಡತಿ ಸಂಜೆ ಬರುವಾಗ ಕೈಚೀಲದಲ್ಲಿ ಕಾಗದದ ಪೊಟ್ಟಣದಲ್ಲಿ ಉಪ್ಪು ತಂದು, ಬಾಗಿಲು ಹಾಕಿ, ನನ್ನ ತಟ್ಟೆಗೆ ಉದುರಿಸುತ್ತಿದ್ದಳು. ನಮ್ಮ ಮನೆಯಲ್ಲೇ ನಾವು ಉಪ್ಪು ಕದ್ದು ತಿಂದೆವು.

ಏಳನೆಯ ದಿನ ಆಸ್ಪತ್ರೆಯಲ್ಲಿ ಕೊಳವೆ ತೆಗೆದು, ಪಟ್ಟಿ ಬಿಚ್ಚಿ, ನೋಡಿಕೊಳ್ಳಿ ಅಂದರು. ನಾನು ಕಣ್ಣು ಮುಚ್ಚಿಕೊಂಡೆ. ಮನೆಗೆ ಬಂದ ಮೇಲೆ ಹೆಂಡತಿ ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿ ಜಾಕೀಟಿನ ಕೊಂಡಿಗಳನ್ನು ಬಿಚ್ಚಿದಳು. ಕನ್ನಡಿಯಲ್ಲಿದ್ದದ್ದು ನೇರಳೆ, ಹಳದಿ, ಹಸಿರು ಬಣ್ಣದ ಊದಿಕೊಂಡ ಎದೆ. ಎಡಗಡೆ ಬಲಗಡೆಗಿಂತ ದಪ್ಪ. ನನ್ನ ಜೀವವೇ ಕುಸಿಯಿತು.

"ಹಂಗೇ ಇದೆ ಕಣೇ! ಎಲ್ಲಾ ದಂಡ ಆಯ್ತು."

"ಊತ ರೀ ಅದು. ಡಾಕ್ಟ್ರು ಹೇಳ್ಲಿಲ್ವಾ? ನಿಮ್ಮ ಹಿಟ್ಟು ಉಬ್ಬೋಕೆ ನಾಲ್ಕು ಗಂಟೆ ಬಾಯಿ ಮುಚ್ಕೊಂಡು ಕಾಯ್ತೀರಿ. ಇದು ಇಳಿಯೋಕೆ ನಾಲ್ಕು ವಾರ ಕಾಯೋಕಾಗಲ್ವಾ?"

ಹೇಳುತ್ತಲೇ ಅವಳು ಬಾಚಣಿಗೆಯ ಹಿಡಿಯಿಂದ ಎದೆಯ ನಡುವೆ ಮೆಲ್ಲಗೆ ಒತ್ತಿದಳು. ಒತ್ತಿದ್ದು ಕಣ್ಣಿಗೆ ಕಂಡಿತು, ಮೈಗೆ ತಿಳಿಯಲಿಲ್ಲ. ಅಲ್ಲಿ ಚರ್ಮ ಮರಗಟ್ಟಿತ್ತು. ಮುಂದಿನ ಸಲ ಕೇಳಿದಾಗ ಡಾಕ್ಟರು ತಲೆ ಕೂಡ ಎತ್ತದೆ, "ಬರತ್ತೆ, ಮೂರು ತಿಂಗಳು, ಆರು ತಿಂಗಳು. ಬಂದೇ ಬರತ್ತೆ" ಅಂದರು. ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಊತ ನಿಜವಾಗಿಯೂ ಇಳಿಯಿತು. ಮೂರನೆಯ ವಾರ ಒಂದು ಬೆಳಿಗ್ಗೆ ಜಾಕೀಟು ಒಗೆಯಲು ಹಾಕಿ, ಒಂದು ಬನಿಯನ್ ಮಾತ್ರ ತೊಟ್ಟು ಬಾಲ್ಕನಿಯಲ್ಲಿ ನಿಂತಿದ್ದೆ. ಗಾಳಿ ಬೀಸಿ ಬನಿಯನ್ ಮೈಗಂಟಿತು. ಅಭ್ಯಾಸಬಲದಿಂದ ಕೈ ತಾನಾಗಿ ಮೇಲೆದ್ದು ಎದೆಯ ಮುಂದಿನ ಬಟ್ಟೆಯನ್ನು ಹಿಡಿದು ಮುಂದಕ್ಕೆ ಎಳೆಯಿತು. ದಿನಕ್ಕೆ ನೂರು ಸಲ ಎಳೆಯುತ್ತಿದ್ದ ಕೈ ಅದು. ಎಳೆದು ಬಿಟ್ಟೆ. ಬಟ್ಟೆ ನೆಟ್ಟಗೆ ಇಳಿಬಿತ್ತು. ಇನ್ನೊಮ್ಮೆ ಎಳೆದು ಬಿಟ್ಟೆ. ಅಕ್ಕ ಒಳಗಿನಿಂದ, "ಏನೋ ಅದು, ನೊಣ ಹೊಡೀತಿದ್ಯಾ?" ಅಂದಳು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಅವಳ ಮೇಲಿನ ಸಿಟ್ಟನ್ನೂ ಮರೆತು, "ಹೂಂ, ಹೊಡೀತಿದ್ದೀನಿ" ಅಂದೆ.

ಆದರೆ ಭಟ್ಟಿ ಕೈತಪ್ಪಿದ್ದು ಮಾತ್ರ ಮರೆಯಲಿಲ್ಲ. ಬೇಕರಿಯಲ್ಲಿ ಮೇಜಿನ ಮೇಲೆ ಹಿಟ್ಟಿನ ಉಂಡೆ ಕಟ್ಟುವವನೊಬ್ಬನಿದ್ದಾನೆ, ಅವನ ಅಡ್ಡಹೆಸರೂ ಉಂಡೆಯೇ. ನಾಲ್ಕನೆಯ ವಾರ ನನ್ನನ್ನು ನೋಡಲು ಬಂದ. ಅವನು ನನ್ನ ಎದುರು ಕೂತು ಉಪ್ಪಿಲ್ಲದ ಬಿಸ್ಕತ್ತನ್ನು ನನಗೆಂದೇ ಬೇಯಿಸಿ ತಂದದ್ದು ಅಂತ ಹೆಮ್ಮೆಯಿಂದ ಕೊಟ್ಟ. ಆಮೇಲೆ ಸುದ್ದಿ ಹೇಳಿದ. ಮೇಸ್ತ್ರಿಯದು ಈ ತಿಂಗಳ ಕೊನೆಯ ಶನಿವಾರ ಕಡೇ ದಿನ. ಅವರ ಜಾಗಕ್ಕೆ ಯಜಮಾನರು ಪಕ್ಕದ ಊರಿನ ಒಂದು ಬೇಕರಿಯಿಂದ ಯಾರನ್ನೋ ಕರೆಸುತ್ತಿದ್ದಾರೆ. ಕೌಂಟರಿಗೆ ಕುರ್ಚಿ ಬಂದಾಯಿತು, ಕುರ್ಚಿಗೆ ಮೆತ್ತೆಯೂ ಬಂದಾಯಿತು.

ಅವನು ಹೋದ ಮೇಲೆ ಹೆಂಡತಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಹೋಗಿ ನಿಜ ಹೇಳಿ. ಮುಗೀತು."

"ನಗ್ತಾರೆ ಕಣೇ."

"ನಗಲಿ. ಎಷ್ಟು ದಿನ ನಗ್ತಾರೆ? ನೀವು ಹದಿನೆಂಟು ವರ್ಷ ಬೆಂದ್ರಲ್ಲ, ಅದಕ್ಕಿಂತ ಜಾಸ್ತಿ ನಗೋಕಾಗತ್ತಾ ಅವರಿಗೆ?"

ಅಕ್ಕ ಬಾಗಿಲ ಹತ್ತಿರವೇ ನಿಂತು ಕೇಳಿಸಿಕೊಂಡಳು. ಅವತ್ತಿನ ಅಡುಗೆಗೆ ಉಪ್ಪು ಬಿದ್ದಿತ್ತು.

ಆರನೆಯ ವಾರ ಡಾಕ್ಟರು ಜಾಕೀಟು ಸಾಕು, ಭಾರ ಎತ್ತದೆ ಕೆಲಸ ಶುರು ಮಾಡಬಹುದು ಅಂದರು. ಆ ಶನಿವಾರವೇ ಮೇಸ್ತ್ರಿಯ ಕಡೇ ದಿನ. ಮಧ್ಯಾಹ್ನ ಆಸ್ಪತ್ರೆಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹಿಂದಿನ ಬಾಗಿಲಿನಿಂದ ಬೇಕರಿಗೆ ಹೋದೆ. ಕೆಂಡ ಎಳೆದಾಗಿತ್ತು. ಎಂಟು ಟ್ರೇ ಬ್ರೆಡ್ಡು ಉಬ್ಬಿ ಕಾಯುತ್ತಿತ್ತು. ಯಜಮಾನರು ಓಡಿ ಬಂದು ಸ್ಟೂಲ್ ಎಳೆದರು.

"ಕೂತ್ಕೋ ಕೂತ್ಕೋ. ನಡ್ಕೊಂಡು ಬಂದ್ಯಾ?"

"ಯಜಮಾನ್ರೇ, ನನಗೆ ಕೌಂಟರ್ ಬೇಡ. ಮೇಸ್ತ್ರಿ ಜಾಗ ಬೇಕು."

"ಹುಚ್ಚು ಹಿಡೀತಾ? ನಾಳೆ ಭಟ್ಟಿ ಮುಂದೆ ಬಿದ್ದು ಸತ್ರೆ ನಿನ್ನ ಹೆಂಡ್ತಿಗೆ ನಾನೇನು ಹೇಳ್ಲಿ?"

ಕಾಗದ ಕೊಟ್ಟೆ. ಅವರು ಕನ್ನಡಕ ಹಾಕಿ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. "ಇದ್ರಲ್ಲಿ ಹಾರ್ಟ್ ಅಂತ ಎಲ್ಲೂ ಇಲ್ವಲ್ಲ? ಏನಿದು ಇಷ್ಟುದ್ದದ ಹೆಸರು?"

ಎಲ್ಲರೂ ಕೆಲಸ ನಿಲ್ಲಿಸಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಆಗಲೇ ಅಂಗಿಯ ಮುಂಭಾಗ ಹಿಡಿದು ಎಳೆಯುತ್ತಿತ್ತು. ಆ ಕೈಯನ್ನು ನಾನೇ ಕೆಳಗಿಳಿಸಿದೆ.

"ಹಾರ್ಟ್ ಅಲ್ಲ. ಅದು ಸುಳ್ಳು. ನನಗೆ ಹೆಂಗಸರ ಥರ ಎದೆ ಬೆಳೆದಿತ್ತು, ಚಿಕ್ಕಂದಿನಿಂದ. ಅದಕ್ಕೇ ಅಂಗಿ ಬಿಚ್ತಿರಲಿಲ್ಲ. ಅದನ್ನ ತೆಗೆಸಿದೆ."

ಮೊದಲು ನಕ್ಕವನು ಉಂಡೆ. "ಅಂದ್ರೆ ಸ್ವೆಟರ್ ಒಳಗೆ ಎರಡು ಬನ್ನು ಇಟ್ಕೊಂಡಿದ್ದಾ!" ಅಂದ. ಇನ್ನಿಬ್ಬರು ಕಿಸಕ್ಕೆಂದರು. ಇಷ್ಟು ವರ್ಷ ನಾನು ಹೆದರಿದ್ದು ಇದೇ ನಗುವಿಗೆ. ಅದು ಬಂತು, ನೋವೂ ಆಯಿತು, ಇಲ್ಲ ಅನ್ನಲಾರೆ. ಆದರೆ ನಾನು ಸಾಯಲಿಲ್ಲ.

"ಹೌದು ಕಣೋ, ಎರಡು ಬನ್ನು. ನೀನು ಕಟ್ಟೋ ಉಂಡೆಗಿಂತ ಸಮ ಇದ್ವು" ಅಂದೆ.

ಈ ಸಲ ಎಲ್ಲರೂ ನಕ್ಕಿದ್ದು ಉಂಡೆಯನ್ನು ನೋಡಿ. ಯಜಮಾನರು ನಗಲಿಲ್ಲ. ಕನ್ನಡಕ ತೆಗೆದು, "ಅಷ್ಟೇನಾ? ಅಲ್ಲಯ್ಯಾ, ಆರು ವಾರ ನಾನು ನಿದ್ದೆ ಬಿಟ್ಟು ಒದ್ದಾಡಿದ್ದು ಇದಕ್ಕಾ? ಹೆದರ್ಕೊಂಡು ನಾನೂ ಉಪ್ಪು ಬಿಟ್ಟಿದ್ದೀನಲ್ಲಯ್ಯಾ!" ಅಂತ ಗದರಿದರು. ಆ ಗದರಿಕೆಯಲ್ಲಿ ಅವರ ಹಳೆಯ ದನಿ ವಾಪಸ್ಸು ಬಂದಿತ್ತು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. "ಭಟ್ಟಿ ಇವನ ಕೈಗೆ ಕೊಡಬಹುದಾ, ನೀವು ಹೇಳಿ. ಸೋಮವಾರ ಬೇರೆಯವನು ಬರ್ತಾನೆ. ಬೇಡ ಅನ್ನೋದಾದ್ರೆ ಇವತ್ತೇ ಅನ್ಬೇಕು."

ಮೇಸ್ತ್ರಿ ಮಂಜುಗಣ್ಣನ್ನು ನನ್ನ ಕಡೆ ನೆಟ್ಟು, "ನಿಂತ್ಕೋ" ಅಂದರು, ಅಷ್ಟೇ.

ಅಂಗಿಯ ಗುಂಡಿ ಬಿಚ್ಚಿದೆ. ಬನಿಯನ್ ತೆಗೆದೆ. ಎರಡು ಕಡೆ ಕೆಂಪನೆಯ ಗೀರು, ಎಡಗಡೆ ಇನ್ನೂ ಕೊಂಚ ಊತ. ಉಳಿದದ್ದು ಬೇರೆ ಗಂಡಸರ ಎದೆಯ ಹಾಗೆಯೇ ಒಂದು ಎದೆ. ಯಾರ ಮುಖವನ್ನೂ ನೋಡದೆ ಭಟ್ಟಿಯ ಬಾಗಿಲು ತೆಗೆದು, ಒಂದು ಮಾರು ದೂರದಲ್ಲಿ ನಿಂತು, ಜೋರಾಗಿ ಎಣಿಸತೊಡಗಿದೆ.

ಒಂದು, ಎರಡು, ಮೂರು. ಆರು, ಏಳು, ಎಂಟು. ಏನೂ ಇಲ್ಲ. ಭಟ್ಟಿ ತಣ್ಣಗಿದೆಯೇ? ಹತ್ತು. ಹನ್ನೊಂದು. ಮರಗಟ್ಟಿದ ಚರ್ಮ ಬೆಂಕಿಯ ಮುಂದೆ ಸುಮ್ಮನೆ ಕೂತಿತ್ತು. ಬಾಚಣಿಗೆಯ ಹಿಡಿ ನೆನಪಾಗಿ ನನ್ನ ಬಾಯಿ ಹನ್ನೆರಡರಲ್ಲಿ ತಡವರಿಸಿತು. ಅಯ್ಯೋ ದಡ್ಡ, ಯಾವ ಎದೆ ತೋರಿಸಬೇಕು ಅಂತ ಕೊಯ್ಯಿಸಿಕೊಂಡೆಯೋ ಆ ಎದೆಗೇ ಈಗ ಬಿಸಿ ಗೊತ್ತಾಗುತ್ತಿಲ್ಲ! ಹನ್ನೆರಡಕ್ಕೆ ಚಕ್ಕನೆ ಹಿಂದೆ ಸರಿದು "ಬ್ರೆಡ್ಡು" ಅಂದುಬಿಟ್ಟರೆ ಯಾರಿಗೂ ತಿಳಿಯದು. ಮುಚ್ಚಿಡುವುದರಲ್ಲಿ ನನ್ನನ್ನು ಮೀರಿಸಿದವರುಂಟೇ?

ಆ ಗಾಬರಿಯಲ್ಲಿ ಮರೆತೇ ಹೋಗಿದ್ದ ಮುಂಗೈ ಚುರ್ ಅಂದಿತು, ಹಿಂದೆ ಸರಿದೆ. ಆದರೆ ಬ್ರೆಡ್ಡು ಅನ್ನಲಿಲ್ಲ.

"ಮೇಸ್ತ್ರಿ, ನನ್ನ ಎದೆಗೆ ಗೊತ್ತಾಗ್ತಿಲ್ಲ. ಆಪರೇಷನ್ನಿಂದ ಮರಗಟ್ಟಿದೆ, ಇನ್ನೂ ಆರು ತಿಂಗಳಾಗ್ಬಹುದು." ಉಸಿರು ಎಳೆದುಕೊಂಡೆ. "ಆದ್ರೆ ಭಟ್ಟಿ ಅತಿಯಾಗಿದೆ. ಆರು ಎಣಿಸೋವಷ್ಟರಲ್ಲಿ ಮುಂಗೈ ಕೂದಲು ಸುರುಟ್ತು. ಎದೆ ಮುಚ್ಕೊಂಡು ಹದಿನೆಂಟು ವರ್ಷ ನಾನು ಲೆಕ್ಕ ಹಾಕಿದ್ದು ಈ ಮುಂಗೈಯಲ್ಲೇ. ಬಾಗಿಲು ತೆಗೆದು ಹತ್ತು ನಿಮಿಷ ಬಿಡ್ಬೇಕು. ಈಗ ಬ್ರೆಡ್ ಹಾಕಿದ್ರೆ ಮೇಲೆ ಕಪ್ಪು, ಒಳಗೆ ಹಸಿ."

ಮೇಸ್ತ್ರಿ ಎದ್ದು, ಮಂಡಿ ಹಿಡಿದುಕೊಂಡು ಬಂದು, ಬಾಗಿಲ ಮುಂದೆ ನಿಂತು ಎಣಿಸಿದರು. ಏಳಕ್ಕೆ ಹಿಂದೆ ಸರಿದರು.

"ಹತ್ತು ನಿಮಿಷ" ಅಂದರು ಯಜಮಾನರಿಗೆ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮುಂಗೈ ವಿಷಯ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಾನು ಬ್ರೆಡ್ ಅನ್ನೋ ಮುಂಚೇನೇ ನೀನು ಟ್ರೇ ಎತ್ತಿರ್ತಿದ್ದೆ, ಎಷ್ಟು ವರ್ಷದಿಂದ!"

"ಮತ್ತೆ ಒಂದು ದಿನವೂ ಹೇಳ್ಲಿಲ್ವಲ್ಲ ಮೇಸ್ತ್ರಿ?"

"ನೀನು ಒಂದು ದಿನವಾದ್ರೂ ಈ ಜಾಗ ಬೇಕು ಅಂತ ಬಾಯಿ ಬಿಟ್ಯೇನೋ? ಯಾವಾಗ್ಲೂ ಮೂಲೆ ಹುಡುಕ್ತಿದ್ದೆ. ಇವತ್ತು ಕೇಳ್ದೆ." ಯಜಮಾನರ ಕಡೆ ಕೈ ಬೀಸಿದರು. "ಆ ಸೋಮವಾರದವನಿಗೆ ಬರ್ಬೇಡ ಅಂತ ಹೇಳಿ."

ಹಾಗಾದರೆ ಆಪರೇಷನ್ನೇ ಬೇಕಿರಲಿಲ್ಲವೇ ಅಂತ ಆಮೇಲೆ ಅಕ್ಕನೇ ಕೇಳಿದಳು. ಬೇಕಿತ್ತು. ಕೆಲಸ ಮುಂಗೈಯಿಂದಲೂ ಸಿಗುತ್ತಿತ್ತೋ ಏನೋ, ಆದರೆ ಕೇಳುವ ಬಾಯಿ ನನಗೆಲ್ಲಿತ್ತು? ಯಾರಾದರೂ ಮುಖ ಎತ್ತಿ ನೋಡಿದರೆ ಸಾಕು, ಬೆನ್ನು ತಿರುಗಿಸಿ ಸೌದೆ ಜೋಡಿಸಲು ಹೋಗುತ್ತಿದ್ದವನು ನಾನು.

ಹತ್ತು ನಿಮಿಷವಾಯಿತು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತರು, ನಾನು ಟ್ರೇ ಒಳಗೆ ತಳ್ಳುವ ಉದ್ದ ಹಿಡಿಯ ಹಲಗೆ ಹಿಡಿದೆ. ಆಮೇಲೆ ಯಾರಿಗೂ ಪುರುಸೊತ್ತಿಲ್ಲ. ಭಾರದ ಟ್ರೇ ಎತ್ತಲು ಉಂಡೆ ಓಡಿ ಬಂದ. "ನೀನು ಬರೀ ಹೇಳು, ಎತ್ತೋದು ನಾನು" ಅಂದ, ಕ್ಷಮಿಸು ಅನ್ನುವುದನ್ನು ಅವನು ಹಾಗೆ ಹೇಳಿದ್ದು ಅಂತ ಕಾಣುತ್ತದೆ. ಬ್ರೆಡ್ಡು ಹೋಯಿತು, ಬ್ರೆಡ್ಡು ಬಂತು. ಬನ್ನು ಹೋಯಿತು. ಬೆವರು ಕತ್ತಿನಿಂದ ಎದೆಗಿಳಿದು, ಎದೆಯಿಂದ ಹೊಟ್ಟೆಗಿಳಿದು, ಏಪ್ರನ್ನಿಗೆ ಇಂಗುತ್ತಿತ್ತು. ಅದರ ಮೇಲೆ ಹಿಂಬಾಗಿಲಿನ ಗಾಳಿ ಬೀಸಿದಾಗ ಹೊಟ್ಟೆಯ ಮೇಲೆ ಆದ ತಂಪು ಇದೆಯಲ್ಲ, ಇದನ್ನು ಇವರೆಲ್ಲ ದಿನಾ ಅನುಭವಿಸುತ್ತಿದ್ದರೇ ಅಂತ ಹೊಟ್ಟೆಕಿಚ್ಚಾಯಿತು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನೋಡಲು ಯಾರಿಗೆ ಪುರುಸೊತ್ತು? ಎಲ್ಲರ ಕಣ್ಣೂ ಬನ್ನಿನ ಮೇಲಿತ್ತು.

ಮೊದಲ ಬನ್ನಿನ ಟ್ರೇ ಚೆನ್ನಾಗಿ ಬಂದಿತ್ತು. ಅದೊಂದು ಸಣ್ಣ ಟ್ರೇ. ಅದನ್ನು ನಾನೇ ಮುಂದಕ್ಕೆ ಒಯ್ಯುತ್ತೇನೆ ಅಂತ ಎರಡು ಬಟ್ಟೆಯಲ್ಲಿ ಹಿಡಿದು, ಪರದೆ ಸರಿಸಿ, ಅಂಗಡಿಗೆ ಬಂದೆ. ಬಿಸಿ ಬನ್ನಿಗೆ ಏಳೆಂಟು ಜನ ಕಾಯುತ್ತಿದ್ದರು. ಕೌಂಟರಿನ ಒಳಗೆ ಆ ಹೊಸ ಮೆತ್ತೆಯ ಕುರ್ಚಿಯ ಮೇಲೆ ಕೂತಿದ್ದವಳು ನನ್ನ ಅಕ್ಕ. ಗುಂಡಿಯಂಗಡಿ ಮುಚ್ಚಿ ಯಜಮಾನರ ಹತ್ತಿರ ತಪ್ಪು ಒಪ್ಪಿಕೊಳ್ಳಲು ಬಂದಿದ್ದಳು. "ಹಾರ್ಟ್ ಅಂತ ಹೇಳಿದ್ದು ನಾನು, ಅವನದೇನೂ ತಪ್ಪಿಲ್ಲ, ಅವನನ್ನ ಕೆಲಸದಿಂದ ತೆಗೀಬೇಡಿ" ಅಂತ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಯಜಮಾನರು ಮಾತು ನಿಲ್ಲಿಸಲು ನೋಡುತ್ತಿದ್ದರು, ಅವಳು ಬಿಡುತ್ತಿರಲಿಲ್ಲ. ನನ್ನನ್ನು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತಳು.

"ಏಯ್, ಅಂಗಿ ಎಲ್ಲೋ?" ಅಂತ ಕಿರುಚಿದಳು. "ಇಷ್ಟು ಜನ ಇದ್ದಾರೆ, ನಾಚಿಕೆ ಆಗಲ್ವೇನೋ ನಿಂಗೆ?"

ಎಲ್ಲರೂ ತಿರುಗಿ ನೋಡಿದರು. ನಾನು ಕೆಳಗೆ ನೋಡಿಕೊಂಡೆ. ಅಂಗಿ ಒಳಗೇ ಉಳಿದಿತ್ತು, ಅದರ ನೆನಪೇ ಇರಲಿಲ್ಲ ನನಗೆ. ಎರಡೂ ಕೈಯಲ್ಲಿ ಟ್ರೇ ಇತ್ತು, ಮುಚ್ಚಿಕೊಳ್ಳಲು ಮೂರನೆಯ ಕೈ ಇರಲಿಲ್ಲ, ಬೇಕು ಅಂತಲೂ ಅನ್ನಿಸಲಿಲ್ಲ. ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ತಾನು ಏನು ಅಂದೆ, ನಾನು ಹೇಗೆ ನಿಂತಿದ್ದೇನೆ ಅಂತ ಈಗ ಅವಳಿಗೂ ಹೊಳೆದಿತ್ತು.

"ಇಲ್ಲ ಅಕ್ಕ, ಆಗ್ತಿಲ್ಲ" ಅಂದೆ. "ದಾರಿ ಬಿಡು, ಟ್ರೇ ಕೈ ಸುಡ್ತಿದೆ."